ಮುಪ್ಪಿನಲ್ಲಿ ದೃಷ್ಟಿರಕ್ಷಣೆ
(ಹಿರಿಯರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ಕಣ್ಣು ಮಂಜಾಯಿತೆಂದರೆ ಉಳ್ಳಾರ್ತಿ ಕಾವಲಿನ ಸುತ್ತಮುತ್ತ ಕೇಳಿಬರುವ ಮಾತು ಒಂದೇ: “ಪೊರೆ ಬಂದಿದೆ, ಬಲಿಯಲಿ, ಆಮೇಲೆ ತೆಗೆಸೋಣ.” ಇದಕ್ಕೆ ಕಾರಣವೂ ಉಂಟು. 2005ರಲ್ಲಿ ದಿವಂಗತರಾದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ನಡೆಸಿ ಅಸಂಖ್ಯಾತ ಬಡವರ ಪೊರೆ ತೆಗೆದು ಬೆಳಕನ್ನಿತ್ತರು. ಆದರೆ ಮುಪ್ಪಿನ ಅಂಧತ್ವವೆಲ್ಲವೂ ಪೊರೆಯಲ್ಲ.

ನನ್ನ ಪರಿಚಯದ ಮೊಳಕಾಲ್ಮೂರಿನ ವೃದ್ಧ ನೇಕಾರರೊಬ್ಬರು, ಮಗ್ಗದ ಹಾಸಿನ ನೆಟ್ಟನೆಯ ಎಳೆಗಳು ನಡುವೆ ಬಾಗಿದಂತೆ ಕಾಣುತ್ತವೆಂದರು. “ವಯಸ್ಸಾಯಿತಲ್ಲ” ಎಂದು ಸಮಾಧಾನ ಹೇಳಿದವನು ನಾನೇ. ಅವರು ವರ್ಷ ಕಾದು ವೈದ್ಯರಲ್ಲಿಗೆ ಹೋಗುವಷ್ಟರಲ್ಲಿ ಒಂದು ಕಣ್ಣಿನ ನಡುದೃಷ್ಟಿ ಅಳಿದಿತ್ತು. ಆ ನನ್ನ ಅಜ್ಞಾನವೇ ಇಂದಿನ ಮಾತಿಗೆ ಪ್ರೇರಣೆ.

ಅಕ್ಷಿಪಟಲದ ಮಧ್ಯದಲ್ಲಿ ಮ್ಯಾಕ್ಯುಲವೆಂಬ ಪುಟ್ಟ ಭಾಗವಿದೆ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಇದರ ಬಲದಿಂದಲೇ. 50 ವರ್ಷ ದಾಟಿದ ಕೆಲವರಲ್ಲಿ ಇದರಡಿ ಹಳದಿ ಕಣಗಳು ಶೇಖರವಾಗಿ ಮ್ಯಾಕ್ಯುಲ ಸವೆಯತೊಡಗುತ್ತದೆ. ‘ಒಣ’ ಬಗೆ ನಿಧಾನವಾಗಿ ಬೆಳೆಯುತ್ತದೆ. ‘ತೇವ’ ಬಗೆಯಲ್ಲಿ ಹೊಸ ರಕ್ತನಾಳಗಳು ಹುಟ್ಟಿ ಸೋರುವುದರಿಂದ ಕೆಲವೇ ವಾರಗಳಲ್ಲಿ ದೃಷ್ಟಿ ಕುಂದಬಹುದು. ನೋವಿಲ್ಲ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಡುತ್ತದೆ. ಆದ್ದರಿಂದಲೇ ರೋಗಿಗೆ ತಿಳಿಯುವುದು ತಡ. ಬೀಡಿ, ಸಿಗರೇಟು ಸೇದುವವರಿಗೂ, ಮನೆತನದಲ್ಲಿ ಈ ರೋಗವಿದ್ದವರಿಗೂ ಅಪಾಯ ಹೆಚ್ಚು.

ಸ್ವಿಟ್ಜರ್ಲೆಂಡಿನ ನೇತ್ರವೈದ್ಯ ಮಾರ್ಕ್ ಆಮ್ಸ್ಲರ್ ಇದಕ್ಕೊಂದು ಸರಳ ಪರೀಕ್ಷೆಯನ್ನು ರೂಪಿಸಿದರು: ಚೌಕಳಿ ಗೆರೆಗಳ ಹಾಳೆ, ನಡುವೆ ಒಂದು ಚುಕ್ಕೆ. ಓದುವ ಕನ್ನಡಕ ಧರಿಸಿ, ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಬೇಕು. ಬಳಿಕ ಇನ್ನೊಂದು ಕಣ್ಣಿನಿಂದ. ಗೆರೆ ಬಾಗಿದರೆ, ನಡುವೆ ಅಳಿಸಿದಂತಾದರೆ, ತಡಮಾಡದೆ ನೇತ್ರವೈದ್ಯರನ್ನು ಕಾಣಿರಿ. ಹಾಳೆ ಇಲ್ಲದವರು ಕಿಟಕಿಯ ಸರಳುಗಳನ್ನು, ಕ್ಯಾಲೆಂಡರಿನ ಮನೆಗಳನ್ನು ಹೀಗೆಯೇ ನೋಡಬಹುದು. ಗೆರೆ ನೇರವಾಗಿ ಕಂಡಿತೆಂದು ತಪಾಸಣೆಯನ್ನು ಬಿಡಬಾರದು. ಪಾಪೆ ಹಿಗ್ಗಿಸುವ ಹನಿ ಹಾಕಿ ವೈದ್ಯರು ನೋಡಿದಾಗಲೇ ಆರಂಭದ ಕಣಗಳು ಕಾಣುವುದು.

ತೇವ ಬಗೆಗೆ ಕಣ್ಣೊಳಗೆ ಕೊಡುವ ಚುಚ್ಚುಮದ್ದಿದೆ. ಅದು ಉಳಿದ ದೃಷ್ಟಿಯನ್ನು ಬಹುಮಟ್ಟಿಗೆ ಕಾಯಬಲ್ಲದು. ಅಳಿದದ್ದನ್ನು ಪೂರ್ತಿ ಮರಳಿಸುವುದು ಅಪರೂಪ. ಒಣ ಬಗೆಯ ಮಧ್ಯಮ ಹಂತದಲ್ಲಿ ಕೆಲವು ವಿಟಮಿನ್ ಮತ್ತು ಸತುವಿನ ಮಾತ್ರೆಗಳು ರೋಗದ ವೇಗ ತಗ್ಗಿಸುತ್ತವೆಂದು 2001ರ ಅಮೆರಿಕದ ಅಧ್ಯಯನ ತೋರಿಸಿತು. ವೈದ್ಯರ ಸಲಹೆಯಿಲ್ಲದೆ ಅವನ್ನು ನುಂಗಬೇಡಿರಿ.

ಪ್ರಿಯರೇ, ಇಂದು ಸಂಜೆ ಮನೆಯ ಹಿರಿಯರನ್ನು ಕಿಟಕಿಯ ಮುಂದೆ ಕೂರಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಕೇಳಿರಿ. “ಸರಳು ಬಾಗಿದೆ” ಎಂದು ಅವರೆಂದರೆ, ನಾನು ಹೇಳಿದ ಸಮಾಧಾನವನ್ನು ನೀವು ಹೇಳಬೇಡಿರಿ. ಮರುದಿನವೇ ಕರೆದುಕೊಂಡು ಹೊರಡಿರಿ.