ಹಳೆಯ ಡಬ್ಬ, ಹೊಸ ಒಲೆ

ತೈ ತಿಂಗಳು ಬಂತೆಂದರೆ ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ರಸ್ತೆಗಳು ಹೇಗಿರುತ್ತವೆ ಎಂಬುದನ್ನು ನೀವು ನೋಡಿಯೇ ಇರುತ್ತೀರಿ. ಹಸಿರು ಬಟ್ಟೆ, ಕಾವಿ ಬಟ್ಟೆ ಉಟ್ಟ ಜನ ಹೆಗಲ ಮೇಲೆ ಕಾವಡಿ ಹೊತ್ತು ಗುಂಪು ಗುಂಪಾಗಿ ಪಳನಿಗೆ ನಡೆಯುತ್ತಾರೆ. ಕೊಯಮತ್ತೂರಿನ ಕಡೆಯವರಿಗೆ ಪೊಳ್ಳಾಚಿ, ಉಡುಮಲೈಪೇಟೆ ದಾರಿ. ತಿರುಪ್ಪೂರಿನ ಕಡೆಯವರಿಗೆ ಧಾರಾಪುರದ ದಾರಿ. ಕೊಯಮತ್ತೂರಿನಿಂದ ಸುಮಾರು ನೂರು ಕಿಲೋಮೀಟರು ನಡಿಗೆ. ಮಗ್ಗದ ಮನೆಗಳಲ್ಲಿ ಕನ್ನಡ ಮಾತಾಡುವ ನಮ್ಮ ದೇವಾಂಗದ ಜನರೂ ಈ ನಡಿಗೆಯಲ್ಲಿ ಇದ್ದೇ ಇರುತ್ತಾರೆ. ಮೂರು ನಾಲ್ಕು ದಿನ ದಾರಿಯಲ್ಲೇ ಊಟ, ದಾರಿಯಲ್ಲೇ ನಿದ್ದೆ. ಊಟವೆಂದ ಮೇಲೆ ಒಲೆ ಬೇಕಲ್ಲವೇ? ಆ ಒಲೆಯ ಬಗ್ಗೆಯೇ ಇಂದಿನ ನನ್ನ ಮಾತು.

ನಾನು ದೊಡ್ಡ ಓದು ಓದಿದವನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಆದರೆ ಬಿಸಾಡುವ ಡಬ್ಬಗಳಿಂದ ಒಲೆ ಮಾಡುವುದು ಚಿಕ್ಕಂದಿನಿಂದ ಬಂದ ಹುಚ್ಚು. ಅದನ್ನು ನನಗೆ ಕಲಿಸಿದ್ದು ನಮ್ಮ ಮನೆಯ ಹೊಟ್ಟಿನ ಒಲೆ.

ನಮ್ಮ ತಂದೆಯವರು ಕೈಮಗ್ಗದವರು. ಮನೆಯಲ್ಲಿ ಸೌದೆ ಕೊಳ್ಳುವುದೆಂದರೆ ಕಷ್ಟದ ಮಾತು. ಮರ ಕೊಯ್ಯುವ ಮಿಲ್ಲಿಗೆ ಚೀಲ ಹಿಡಿದು ಹೋದರೆ ಮರದ ಹೊಟ್ಟು ಅಗ್ಗಕ್ಕೆ ಸಿಗುತ್ತಿತ್ತು. ತಮಿಳಿನವರು ಇದನ್ನೇ ‘ಮರತ್ತೂಳ್ ಅಡುಪ್ಪು’ ಎನ್ನುತ್ತಾರೆ. ಒಮ್ಮೆ ತುಂಬಿಟ್ಟರೆ ಅನ್ನ, ಸಾರು, ಸ್ನಾನದ ನೀರು ಎಲ್ಲವೂ ಒಂದೇ ಒಲೆಯಲ್ಲಿ ಆಗಿಬಿಡುತ್ತಿತ್ತು.

ಇದನ್ನು ಮಾಡುವುದು ಹೇಗೆಂದು ಹೇಳುತ್ತೇನೆ. ಯಾತ್ರೆಗಾದರೆ ಐದು ಲೀಟರ್ ಹಿಡಿಯುವ ಹಳೆಯ ಎಣ್ಣೆ ಡಬ್ಬ ಸಾಕು. ಮೇಲಿನ ಮುಚ್ಚಳವನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯಿರಿ. ಅಂಚನ್ನು ಸುತ್ತಿಗೆಯಿಂದ ಒಳಕ್ಕೆ ಬಡಿದು ಮಡಿಸಿ. ಇಲ್ಲವಾದರೆ ಕೈ ಕುಯ್ಯುತ್ತದೆ. ಬುಡದ ಹತ್ತಿರ, ಒಂದು ಪಕ್ಕದಲ್ಲಿ, ಎರಡು ಬೆರಳು ಅಗಲದ ಒಂದು ತೂತು ಮಾಡಿ. ಈಗ ಡಬ್ಬದ ನಡುವೆ ಒಂದು ಸೋಡಾ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಪಕ್ಕದ ತೂತಿನಿಂದ ಒಂದು ಉರುಟು ಕೋಲನ್ನು ಬಾಟಲಿಗೆ ತಾಗುವವರೆಗೆ ತೂರಿಸಿ. ಸುತ್ತಲೂ ಚೆನ್ನಾಗಿ ಒಣಗಿದ ಹೊಟ್ಟನ್ನು ನಾಲ್ಕು ಬೆರಳು ಎತ್ತರ ಹಾಕಿ ಒತ್ತಿ, ಮತ್ತೆ ಹಾಕಿ ಒತ್ತಿ, ಹೀಗೆ ಬಾಯಿಯವರೆಗೆ ತುಂಬಿ. ಈ ಒತ್ತುವುದರಲ್ಲೇ ಎಲ್ಲ ಇದೆ. ಸಡಿಲವಾಗಿ ತುಂಬಿದರೆ ಅರ್ಧದಲ್ಲಿ ಕುಸಿದು ಹೊಗೆ ಕಾರುತ್ತದೆ. ತುಂಬಿದ ಮೇಲೆ ಬಾಟಲಿಯನ್ನು ತಿರುಗಿಸುತ್ತಾ ಮೆಲ್ಲಗೆ ಮೇಲಕ್ಕೆ ಎಳೆಯಿರಿ, ಕೋಲನ್ನು ಪಕ್ಕಕ್ಕೆ ಎಳೆಯಿರಿ. ಒಳಗೆ ಬಾವಿಯ ಹಾಗೆ ಒಂದು ದಾರಿ ಉಳಿಯುತ್ತದೆ. ಕೆಳಗಿನ ತೂತಿನಲ್ಲಿ ಕಾಗದ ಇಟ್ಟು ಹೊತ್ತಿಸಿ. ಗಾಳಿ ಕೆಳಗಿನಿಂದ ಬರುತ್ತದೆ, ಬೆಂಕಿ ಒಳಗಿನಿಂದ ಹೊರಕ್ಕೆ ಹೊಟ್ಟನ್ನು ತಿನ್ನುತ್ತಾ ಹೋಗುತ್ತದೆ. ಮೊದಲ ಐದು ನಿಮಿಷ ಹೊಗೆ ಇರುತ್ತದೆ, ಆಮೇಲೆ ಕಡಿಮೆ.

ಪಾತ್ರೆಯನ್ನು ನೇರವಾಗಿ ಡಬ್ಬದ ಬಾಯಿ ಮೇಲೆ ಇಡಬಾರದು. ಮೂರು ಕಲ್ಲಿನ ಚೂರೋ, ಮೂರು ದೊಡ್ಡ ಬೋಲ್ಟೋ ಇಟ್ಟು ಒಂದು ಬೆರಳು ಸಂದು ಬಿಡಬೇಕು. ಸಂದು ಇಲ್ಲದಿದ್ದರೆ ಬೆಂಕಿಗೆ ಉಸಿರು ಕಟ್ಟುತ್ತದೆ. ಒಲೆ ಉರಿಯುವಾಗ ಅಲುಗಾಡಿಸಬಾರದು, ಕೋಲಿನಿಂದ ಕೆದಕಬಾರದು.

ಇನ್ನೊಂದು ಬಗೆ ಕಡ್ಡಿ ಒಲೆ. ಹೊಟ್ಟು ಸಿಗದ ಕಡೆ ಇದು ಅನುಕೂಲ. ಕಾಂಗೇಯಂ, ಧಾರಾಪುರಂ ಕಡೆ ಬಳ್ಳಾರಿ ಜಾಲಿಯ ಒಣ ಕಡ್ಡಿ ಬೇಕಾದಷ್ಟು. ಪೊಳ್ಳಾಚಿ ಕಡೆ ತೆಂಗಿನ ಚಿಪ್ಪು ಬೇಕಾದಷ್ಟು. ಹದಿನೈದು ಕಿಲೋ ಎಣ್ಣೆಯ ಚೌಕದ ಡಬ್ಬ ಒಂದು, ಹಾಲಿನ ಪುಡಿಯ ಉರುಟು ಡಬ್ಬ ಮೂರು ತೆಗೆದುಕೊಳ್ಳಿ. ದೊಡ್ಡ ಡಬ್ಬದ ಒಂದು ಮೈಯಲ್ಲಿ, ತಳದಿಂದ ಮೂರು ಬೆರಳು ಮೇಲೆ, ಸಣ್ಣ ಡಬ್ಬ ತೂರುವಷ್ಟು ತೂತು ಕತ್ತರಿಸಿ. ಒಳಗೆ ತಳದಲ್ಲಿ ಬೂದಿ ಹರಡಿ, ಅದರ ಮೇಲೆ ಒಂದು ಸಣ್ಣ ಡಬ್ಬ ನೆಟ್ಟಗೆ ನಿಲ್ಲಿಸಿ. ಅದರ ಮೇಲೆ ತಳ ತೆಗೆದ ಇನ್ನೊಂದು ಡಬ್ಬ ಕೂರಿಸಿದರೆ ಚಿಮಣಿಯಾಯಿತು. ಮೂರನೆಯ ಡಬ್ಬಕ್ಕೆ ಎರಡು ಕಡೆಯೂ ಬಾಯಿ ತೆಗೆದು, ಅಡ್ಡಲಾಗಿ ಹೊರಗಿನ ತೂತಿನಿಂದ ತೂರಿಸಿ, ಚಿಮಣಿಯ ಬುಡದಲ್ಲಿ ಮಾಡಿದ ತೂತಿಗೆ ಸೇರಿಸಿ. ನಮ್ಮ ಮೊಣಕೈ ಮಡಿಸಿದ ಹಾಗೆ ಕಾಣುತ್ತದೆ. ಸುತ್ತಲಿನ ಖಾಲಿ ಜಾಗಕ್ಕೆ ಜರಡಿ ಹಿಡಿದ ಒಣ ಬೂದಿ ತುಂಬಿ. ಅಡ್ಡ ಡಬ್ಬದ ನಡುವೆ ಒಂದು ತಗಡಿನ ಹಲಗೆ ಇಡಿ. ಕಡ್ಡಿ ಹಲಗೆಯ ಮೇಲೆ, ಗಾಳಿ ಹಲಗೆಯ ಕೆಳಗೆ. ಈ ಹಲಗೆ ಇಲ್ಲದೆ ಕಡ್ಡಿಯಿಂದಲೇ ಬಾಯಿ ತುಂಬಿಸಿದರೆ ಹೊಗೆ ಬಿಟ್ಟು ಬೇರೇನೂ ಬರುವುದಿಲ್ಲ.

ಬೂದಿ ಏಕೆ, ಮಣ್ಣು ತುಂಬಿದರೆ ಆಗದೇ ಎಂದು ನೀವು ಕೇಳಬಹುದು. ಮಣ್ಣು ಕಾವನ್ನು ತಾನೇ ಕುಡಿದುಬಿಡುತ್ತದೆ. ಬೂದಿ ಹಗುರ, ಅದರೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಆದ್ದರಿಂದ ಕಾವು ಒಳಗೇ ನಿಲ್ಲುತ್ತದೆ. ಒಳಗೆ ಕಾವು ಹೆಚ್ಚಾದಷ್ಟೂ ಹೊಗೆ ಕೂಡ ಉರಿದುಹೋಗುತ್ತದೆ. ಈ ಬಗೆಯ ಒಲೆಯ ಸೂತ್ರಗಳನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಆರೆಗನ್ ರಾಜ್ಯದ ಅಪ್ರೊವೆಚೊ ಎಂಬ ಸಂಸ್ಥೆಯಲ್ಲಿ ಲ್ಯಾರಿ ವಿನಿಯಾರ್ಸ್ಕಿ ಎಂಬವರು ರೂಪಿಸಿದರು. ‘ರಾಕೆಟ್ ಒಲೆ’ ಎಂದು ಅದಕ್ಕೆ ಹೆಸರು. ಅದೇ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ವಿಭಾಗದವರು ಹಳ್ಳಿ ಮನೆಗಳಿಗಾಗಿ ಅಸ್ತ್ರ ಒಲೆ ಮಾಡಿದರು. ಕರ್ನಾಟಕದ ನೆಂಟರ ಮನೆಗಳಲ್ಲಿ ನಿಮ್ಮಲ್ಲಿ ಕೆಲವರು ಅದನ್ನು ನೋಡಿರಬಹುದು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಕಾವು ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ; ಉಳಿದದ್ದೆಲ್ಲ ಗಾಳಿಗೆ. ಬ್ಯಾಂಕಿನವನಾದ ನನಗೆ ಈ ಲೆಕ್ಕ ಬಹಳ ನಷ್ಟದ್ದಾಗಿ ಕಾಣುತ್ತದೆ.

ಡಬ್ಬದ ಒಲೆ ಬಡವರದು ಮಾತ್ರವೆಂದು ತಿಳಿಯಬೇಡಿ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಬ್ರಿಟಿಷ್ ಸೈನಿಕರು ಪೆಟ್ರೋಲ್ ತುಂಬಿ ಬರುತ್ತಿದ್ದ ನಾಲ್ಕು ಗ್ಯಾಲನ್ನಿನ ಡಬ್ಬವನ್ನು ಅರ್ಧಕ್ಕೆ ಕತ್ತರಿಸಿ, ಮರಳು ಹಾಕಿ, ಮರಳಿಗೆ ಪೆಟ್ರೋಲ್ ಸುರಿದು, ಹೊತ್ತಿಸಿ ಚಹಾ ಕಾಯಿಸುತ್ತಿದ್ದರು. ‘ಬೆಂಗಾಜಿ ಒಲೆ’ ಎಂದು ಅದನ್ನು ಕರೆಯುತ್ತಿದ್ದರು. ನಮ್ಮ ಭಾರತದ ಸೈನಿಕರೂ ಆ ಯುದ್ಧಭೂಮಿಯಲ್ಲಿದ್ದರು. ಇದನ್ನು ಹೇಳಿದ್ದು ಕಥೆಗಾಗಿ. ದಯವಿಟ್ಟು ಯಾರೂ ಪೆಟ್ರೋಲಿನ ಹತ್ತಿರ ಹೋಗಬೇಡಿ.

ಯಾವ ಡಬ್ಬ ಬೇಡ ಎಂಬುದನ್ನೂ ಹೇಳಬೇಕು. ಬೆಳೆಗೆ ಹೊಡೆಯುವ ಔಷಧಿಯ ಡಬ್ಬವನ್ನು ಎಷ್ಟು ತೊಳೆದರೂ ಒಲೆಗೆ ಮುಟ್ಟಬಾರದು. ಬಣ್ಣದ ಡಬ್ಬ ಬೇಡ. ಒಳಗೆ ಅಂಟಿದ ಬಣ್ಣ ಸುಟ್ಟು ವಿಷದ ಹೊಗೆ ಬರುತ್ತದೆ. ಬಕೆಟ್ಟಿಗೆ ಹಾಕುವ ಸತುವಿನ ಲೇಪದ ತಗಡೂ ಬೇಡ. ಸತುವು ಸುಟ್ಟ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಒತ್ತಡ ತುಂಬಿದ ಸ್ಪ್ರೇ ಡಬ್ಬ ಬೆಂಕಿಯಲ್ಲಿ ಸಿಡಿಯುತ್ತದೆ. ಹೊತ್ತಿಸಲು ತಿರುಪ್ಪೂರಿನ ಬನಿಯನ್ ವೇಸ್ಟ್ ಒಳ್ಳೆಯದೇ, ಆದರೆ ಅಪ್ಪಟ ಹತ್ತಿಯದ್ದಾಗಿರಬೇಕು. ಪಾಲಿಯೆಸ್ಟರ್ ಸೇರಿದ್ದರೆ ಕರಗಿ, ಉರಿಯುತ್ತಾ ತೊಟ್ಟಿಕ್ಕಿ, ಕೈಗೆ ಅಂಟಿಕೊಳ್ಳುತ್ತದೆ. ಹಾಲಿನ ಪುಡಿಯ ಡಬ್ಬದ ತಗಡು ತೆಳು. ಒಂದೆರಡು ಯಾತ್ರೆಗೆ ಒಳಗಿನ ಡಬ್ಬ ತೂತು ಬೀಳುತ್ತದೆ, ಬೇರೆ ಹಾಕಿಕೊಳ್ಳಬೇಕು. ಬೂದಿ ತುಂಬಿದ ಒಲೆ ಭಾರ. ಖಾಲಿ ಡಬ್ಬವನ್ನೇ ಜೊತೆಗೆ ಬರುವ ವ್ಯಾನಿಗೆ ಹಾಕಿ, ಬೂದಿಯನ್ನು ಚೀಲದಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಾನು ಈ ಮಾತಿಗೆ ಒಪ್ಪಿಕೊಂಡದ್ದು ಬೇರೆ ಒಂದು ವಿಷಯ ಹೇಳಲಿಕ್ಕಾಗಿ.

1994ರ ತೈಪೂಸಕ್ಕೆ ನಾವು ಹನ್ನೊಂದು ಜನ ಪಳನಿಗೆ ಹೊರಟಿದ್ದೆವು. ನನ್ನ ಅಕ್ಕ, ಅವಳ ಹನ್ನೆರಡು ವರ್ಷದ ಮಗ, ಬೀದಿಯ ಉಳಿದ ನೆಂಟರು. ಒಲೆ ನನ್ನದೇ, ಹೊಟ್ಟಿನ ಒಲೆ. ಎಲ್ಲರೂ ಹೊಗಳಿದ್ದರು, ನನಗೂ ಸ್ವಲ್ಪ ಹೆಮ್ಮೆ. ಮೂರನೆಯ ರಾತ್ರಿ ದಾರಿಯ ಬದಿಯ ಒಂದು ಛತ್ರದಲ್ಲಿ ತಂಗಿದೆವು. ತೈ ತಿಂಗಳ ಮಂಜು, ಮೈ ನಡುಗುವ ಚಳಿ. ಹುಡುಗ, “ಮಾವ, ಚಳಿ ತಡೆಯೋಕೆ ಆಗ್ತಿಲ್ಲ” ಎಂದ. ಅಡಿಗೆ ಮುಗಿದಿತ್ತು, ಒಲೆಯಲ್ಲಿ ಇನ್ನೂ ಹೊಟ್ಟು ಕೆಂಪಗೆ ಇತ್ತು. ಹೊಗೆ ಒಂದಿಷ್ಟೂ ಇರಲಿಲ್ಲ. ನಾನೇ ಅದನ್ನು ಒಳಗೆ ತಂದು ಮೂಲೆಯಲ್ಲಿಟ್ಟೆ. ನಾನೇ ಬಾಗಿಲು ಹಾಕಿದೆ.

ಮಧ್ಯರಾತ್ರಿಯಲ್ಲಿ ಅಕ್ಕನಿಗೆ ವಾಂತಿ ಬಂತು. ಎದ್ದು ನಿಲ್ಲಲು ಹೋಗಿ ಬಾಗಿಲಿನ ಮೇಲೆ ಬಿದ್ದಳು, ಬಾಗಿಲು ತೆರೆದುಕೊಂಡಿತು. ಆ ಸದ್ದಿಗೆ ನನಗೆ ಎಚ್ಚರ. ತಲೆ ಸೀಳುವ ನೋವು, ಕಾಲುಗಳಲ್ಲಿ ಬಲವೇ ಇಲ್ಲ. ಹುಡುಗನನ್ನು ಅಲುಗಿಸಿದರೆ ಏಳಲಿಲ್ಲ. ಅವನನ್ನು ಹೊರಗೆ ಎಳೆದುಕೊಂಡು ಬಂದೆವು. ಅಕ್ಕ ಅವನ ಕೆನ್ನೆ ತಟ್ಟುತ್ತಾ ಕೂಗಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಹೊರಗಿನ ಗಾಳಿಯಲ್ಲಿ ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದ. ಬೆಳಗಾಗುವ ಮುಂಚೆಯೇ ಒಂದು ಲಾರಿ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನದಲ್ಲಿ ಗುಣವಾದ.

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: “ಕೋಣೆಯಲ್ಲಿ ಬೆಂಕಿ ಇತ್ತೇ?” ಅವರು ಹೇಳಿದ ಮೇಲೆ ನನಗೆ ತಿಳಿಯಿತು. ಹೊಗೆ ಇಲ್ಲವೆಂದರೆ ವಿಷ ಇಲ್ಲವೆಂದಲ್ಲ. ಕೆಂಡ ಅರೆಬರೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮಲಗಿದವನು ಮಲಗಿದಂತೆಯೇ ಹೋಗಿಬಿಡುತ್ತಾನೆ. ಹೊಟ್ಟಿನ ಒಲೆ ನಿಧಾನವಾಗಿ ಕನಲುವ ಒಲೆಯಾದ್ದರಿಂದ ಅಪಾಯ ಇನ್ನೂ ಹೆಚ್ಚು. ಅಕ್ಕ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿ ಎನಿಸಿತು. ಆ ಹುಡುಗನಿಗೆ ಈಗ ಎರಡು ಮಕ್ಕಳು. ಅವರನ್ನು ನೋಡಿದಾಗಲೆಲ್ಲ ಆ ಬಾಗಿಲಿನ ನೆನಪಾಗುತ್ತದೆ.

ಅಂದಿನಿಂದ ನಾನು ಮಾಡಿದ ಪ್ರತಿಯೊಂದು ಒಲೆಯ ಮೈಮೇಲೆ ಮೊಳೆಯಿಂದ ‘ಹೊರಗೆ ಮಾತ್ರ’ ಎಂದು ಗೀಚಿ ಕೊಡುತ್ತೇನೆ. ಕನ್ನಡದಲ್ಲೂ ತಮಿಳಿನಲ್ಲೂ. ನಮ್ಮ ಮಕ್ಕಳಲ್ಲಿ ಹಲವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅದಕ್ಕಾಗಿ ಎರಡೂ ಬೇಕು.

ಇನ್ನೆರಡು ಮಾತು. ಒಂದು, ಪ್ರಯಾಣದ್ದು. 2023ರ ಆಗಸ್ಟ್ 26ರಂದು ಮದುರೈ ರೈಲು ನಿಲ್ದಾಣದ ಹತ್ತಿರ ನಿಲ್ಲಿಸಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಮಂದಿ ತೀರಿಕೊಂಡರು. ಲಖನೌದಿಂದ ಬಂದಿದ್ದ ಬೋಗಿ. ಒಳಗೆ ಕದ್ದು ತಂದಿದ್ದ ಗ್ಯಾಸ್ ಸಿಲಿಂಡರ್ ಇತ್ತು. ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಸಿಲಿಂಡರ್, ಸೀಮೆಎಣ್ಣೆ ಒಯ್ಯಬೇಡಿ, ಒಲೆ ಹೊತ್ತಿಸಬೇಡಿ. ಡಬ್ಬದ ಒಲೆಯನ್ನೂ ಪೂರ್ತಿ ಆರಿಸಿ, ತಣ್ಣಗಾಗಿಸಿ, ಖಾಲಿ ಮಾಡಿಯೇ ಗಾಡಿಗೆ ಹಾಕಿ. ಹೊಟ್ಟು ಮೇಲೆ ಕಪ್ಪಗಿದ್ದರೂ ಒಳಗೆ ಗಂಟೆಗಟ್ಟಲೆ ಕೆಂಡ ಇರುತ್ತದೆ. ನೀರು ಸುರಿದು, ಕೈಯಿಂದ ಮುಟ್ಟಿ ನೋಡಿ.

ಇನ್ನೊಂದು, ಕಾಡಿನದು. ಶಿವರಾತ್ರಿಯ ಸಮಯದಲ್ಲಿ ನಮ್ಮವರು ಪೂಂಡಿಯಿಂದ ವೆಳ್ಳಿಯಂಗಿರಿ ಬೆಟ್ಟ ಹತ್ತುತ್ತಾರೆ. ಆಗ ಹುಲ್ಲೆಲ್ಲ ಒಣಗಿರುತ್ತದೆ. 2018ರ ಮಾರ್ಚಿನಲ್ಲಿ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತದ್ದನ್ನು ಮರೆಯಬೇಡಿ. ಕಾಡಿನೊಳಗೆ ಯಾವ ಒಲೆಯೂ ಬೇಡ, ನನ್ನ ಒಲೆಯೂ ಬೇಡ. ಅದು ಕಾನೂನಿಗೂ ವಿರುದ್ಧ. ಬೆಟ್ಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ. ಪುಳಿಯೋಗರೆ ಇದ್ದರೆ ಬೆಂಕಿಯ ಅಗತ್ಯವೇ ಇಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಿಮಗೆ ಗೊತ್ತು. ಒಲೆ ಹೊತ್ತಿಸುವ ಮೊದಲು ಪಕ್ಕದಲ್ಲಿ ಒಂದು ಕೊಡ ನೀರು ಇಡಿ, ಮಕ್ಕಳನ್ನು ದೂರ ಕೂರಿಸಿ, ಸೆರಗು, ಪಂಚೆ ಬಿಗಿಯಾಗಿ ಕಟ್ಟಿಕೊಳ್ಳಿ. ಮೊದಲ ಬಾರಿಗೆ ಯಾತ್ರೆಯಲ್ಲಿ ಅಲ್ಲ, ನಿಮ್ಮ ಮನೆಯ ಅಂಗಳದಲ್ಲಿ ಒಂದು ಚೊಂಬು ನೀರು ಕಾಯಿಸಿ ನೋಡಿ. ನೀರು ಕುದಿಯುವಾಗ, ಬಿಸಾಡಬೇಕಾಗಿದ್ದ ಡಬ್ಬ ಮಾಡಿದ ಕೆಲಸ ನೋಡಿ ನಿಮಗೂ ಸಂತೋಷವಾಗುತ್ತದೆ. ಕುದಿದ ನೀರನ್ನು ಒಳಗೆ ತೆಗೆದುಕೊಂಡು ಹೋಗಿ. ಒಲೆ ಮಾತ್ರ ಅಂಗಳದಲ್ಲೇ ಇರಲಿ.