ಲೆಕ್ಕ ಬಿಟ್ಟ ಉಸಿರು



ಯೋಗದ ಬಗ್ಗೆ ಮಾತನಾಡಲು ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ಏಕೆ ಕರೆದರು ಎಂದು ನಿಮಗೆ ಅನ್ನಿಸಬಹುದು. ನಾನು ಯೋಗಗುರುವಲ್ಲ, ಗಾಯಕನೂ ಅಲ್ಲ. ಇಪ್ಪತ್ತು ವರ್ಷ ಅಂಕಿಗಳನ್ನು ತಾಳೆ ನೋಡಿದವನು. ಉಸಿರನ್ನೂ ಹಾಗೆಯೇ ತಾಳೆ ಹಾಕಲು ಹೋಗಿ ಸೋತೆ. ಆ ಸೋಲು ಕಲಿಸಿದ್ದನ್ನಷ್ಟೇ ಹೇಳುತ್ತೇನೆ.

2018ರ ಜನವರಿ 1ರಂದು ಈ ದೇಶದಲ್ಲಿ ಶೇಕಡಾ 5ರ ವ್ಯಾಟ್ ಜಾರಿಗೆ ಬಂತು. ನಮ್ಮ ವೃತ್ತಿಯವರಿಗೆ ಆ ವರ್ಷ ಹಗಲು ರಾತ್ರಿ ಒಂದೇ. ಒಂದು ಸಂಜೆ ಕಂಪ್ಯೂಟರ್ ಮುಂದೆ ಕುಳಿತಿದ್ದಾಗ ಹೆಂಡತಿ ಕೇಳಿದಳು: "ರೀ, ನೀವು ಉಸಿರ ಬಿಡವಲ್ರಿ?" ನಿಜವೇ. ಲೆಕ್ಕ ಹೊಂದುವವರೆಗೆ ಉಸಿರು ಬಿಗಿಹಿಡಿಯುವುದು ನನಗೆ ರೂಢಿಯಾಗಿಬಿಟ್ಟಿತ್ತು. ರಕ್ತದೊತ್ತಡ ನೋಡಿದ ವೈದ್ಯರು ಮಾತ್ರೆ ಬರೆದುಕೊಟ್ಟು, ಜೊತೆಗೆ ಯೋಗ ಮಾಡಿ ಎಂದರು.

ಹೀಗೆ ಅಷ್ಟಾಂಗ ವಿನ್ಯಾಸ ತರಗತಿಗೆ ಸೇರಿದೆ. ಹಾಸನದ ಹತ್ತಿರದ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಹುಟ್ಟಿದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನ ಲಕ್ಷ್ಮೀಪುರಂನಲ್ಲಿ ಕಲಿಸಿ, ಜಗತ್ತಿಗೆಲ್ಲ ಹಬ್ಬಿದ ಪದ್ಧತಿ ಇದು. ನಮ್ಮ ಮೈಸೂರಿನ ವಿದ್ಯೆಯನ್ನು ನಾನು ಕಲಿತದ್ದು ದುಬೈನಲ್ಲಿ, ಕನ್ನಡ ಬಾರದ ಶಿಕ್ಷಕಿಯಿಂದ! ಇಲ್ಲಿ ಪ್ರತಿ ಚಲನೆಗೂ ಒಂದು ಉಸಿರು. 'ಏಕಂ' ಎಂದಾಗ ಉಸಿರೆಳೆದು ಕೈ ಮೇಲೆತ್ತಬೇಕು, 'ದ್ವೇ' ಎಂದಾಗ ಉಸಿರು ಬಿಡುತ್ತ ಬಾಗಬೇಕು. ಮೊದಲ ಸೂರ್ಯನಮಸ್ಕಾರಕ್ಕೆ 9 ವಿನ್ಯಾಸಗಳು, ಎರಡನೆಯದಕ್ಕೆ 17. ಲೆಕ್ಕ ಕಂಡದ್ದೇ ನನಗೆ ಖುಷಿ. ಆದರೆ ಸಂಖ್ಯೆ ಮುಟ್ಟುವ ಆತುರದಲ್ಲಿ ಅಲ್ಲಿಯೂ ಉಸಿರು ಕಟ್ಟುತ್ತಿದ್ದೆ.

ಮನೆಯಲ್ಲಿ ಅಭ್ಯಾಸ ಮಾಡುವಾಗ ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆ ಹಾಕತೊಡಗಿದೆ. ನಮ್ಮದು ಧಾರವಾಡ. ಅಪ್ಪನ ರೇಡಿಯೊದಲ್ಲಿ ಮನ್ಸೂರರನ್ನು ಕೇಳಿಯೇ ಬೆಳೆದವರು ನಾವು. ಹಾಡು ಚೆನ್ನಾಗಿಯೇ ಇತ್ತು. ಆದರೆ ನನ್ನ ಕೈಕಾಲು ತಬಲಾದ ಬೆನ್ನು ಹತ್ತಿದವು, ನನ್ನ ಉಸಿರಿನ ಸದ್ದು ನನಗೇ ಕೇಳದಾಯಿತು.

ಮರುವರ್ಷ ಅಪ್ಪ ಹಾಸಿಗೆ ಹಿಡಿದರು. ಶ್ವಾಸಕೋಶದ ಕಾಯಿಲೆ. ಆಡಿಟ್ ಮುಗಿಸಿ ಹೊರಡುವೆನೆಂದು ಟಿಕೆಟ್ ಮುಂದೂಡಿದೆ. ಆ ತಪ್ಪು ನನ್ನದೇ. ಒಂದು ರಾತ್ರಿ ತಮ್ಮ ಫೋನ್ ಮಾಡಿದ: "ಅಪ್ಪಗ ಮಾತಾಡಾಕ ಆಗವಲ್ದು, ಅಣ್ಣಾ. ಫೋನ್ ಕಿವಿ ಹತ್ರ ಇಡ್ತೀನಿ, ನೀನ ಮಾತಾಡು." ನನಗೂ ಮಾತು ಹೊರಡಲಿಲ್ಲ. ಆ ಕಡೆಯಿಂದ ಉಸಿರಷ್ಟೇ ಕೇಳುತ್ತಿತ್ತು. ಗಡಿಯಾರ ನೋಡುತ್ತ ಎಣಿಸತೊಡಗಿದೆ: ನಿಮಿಷಕ್ಕೆ 28. ಎಣಿಸುವುದು ಬಿಟ್ಟು ನನಗೆ ಬೇರೇನು ಬರುತ್ತಿತ್ತು? ಅಷ್ಟರಲ್ಲಿ ತಮ್ಮ ಮನ್ಸೂರರನ್ನು ಹಾಕಿದ. ವಿಳಂಬಿತದಲ್ಲಿ ಅವರ ಸ್ವರ ಒಂದು ಸುತ್ತಿನಿಂದ ಇನ್ನೊಂದಕ್ಕೆ ಹೆಣೆದುಕೊಂಡು ಹೋಗುತ್ತದೆ. ಇನ್ನೇನು ಉಸಿರು ಮುಗಿಯಿತು ಎನ್ನುವಾಗ ಸಮಕ್ಕೆ ಬಂದು ನಿಲ್ಲುತ್ತದೆ. ಅಪ್ಪನ ಉಸಿರು ನಿಧಾನವಾಯಿತೋ ಇಲ್ಲವೋ ಹೇಳಲಾರೆ. ನಾನು ಎಣಿಸುವುದನ್ನು ಮರೆತಿದ್ದೆ. ಅಪ್ಪನ ಜೊತೆ ಸುಮ್ಮನೆ ಇದ್ದೆ.

ನಾನು ಧಾರವಾಡ ಮುಟ್ಟುವ ಹೊತ್ತಿಗೆ ಅಪ್ಪ ಇರಲಿಲ್ಲ.

ಮರಳಿ ಬಂದ ಮೇಲೆ ಅಭ್ಯಾಸ ಬದಲಾಯಿತು. ಈಗ ಬೆಳಿಗ್ಗೆ ಹತ್ತು ನಿಮಿಷ ಮನ್ಸೂರರನ್ನು ಕಣ್ಣು ಮುಚ್ಚಿ ಕೇಳುತ್ತೇನೆ. ಆಮೇಲೆ ಹಾಡು ನಿಲ್ಲಿಸಿ ಚಾಪೆಯ ಮೇಲೆ ನಿಲ್ಲುತ್ತೇನೆ. ಗಂಟಲನ್ನು ತುಸುವೇ ಕಿರಿದು ಮಾಡಿ ಮೂಗಿನಿಂದ ಉಸಿರಾಡಿದರೆ ಮೆಲ್ಲನೆಯ ಸದ್ದು ಬರುತ್ತದೆ. ಆ ಸದ್ದೇ ನನ್ನ ಶ್ರುತಿ. ಎಳೆಯುವುದೂ ಬಿಡುವುದೂ ಸಮನಾಗಿರಬೇಕು. ಸದ್ದು ಒರಟಾದರೆ, ತುಂಡಾದರೆ, ಆಸನ ನನ್ನ ಶಕ್ತಿ ಮೀರಿತು ಎಂದರ್ಥ, ಅಲ್ಲಿಗೇ ಸಡಿಲಿಸುತ್ತೇನೆ. ವಿನ್ಯಾಸಗಳ ಸಂಖ್ಯೆ ಈಗಲೂ ಇದೆ, ಆದರೆ ಅದು ಉಸಿರಿನ ಹಿಂದೆ ಬರುತ್ತದೆ. ಗಾಯಕ ಸುತ್ತಾಡಿ ಸಮಕ್ಕೆ ಬರುವಂತೆ, ನಮಸ್ಕಾರ ಮುಗಿಸಿ ನಾವು ನಿಲ್ಲುವುದೂ 'ಸಮಸ್ಥಿತಿ'ಯಲ್ಲಿಯೇ.

ಬಂಧುಗಳೇ, ನಿಮಗೆ ಮನ್ಸೂರರೇ ಆಗಬೇಕೆಂದಿಲ್ಲ. ಗಂಗೂಬಾಯಿ ಹಾನಗಲ್ಲರಾಗಲಿ, ರಾಜ್‌ಕುಮಾರರ ಹಾಡಾಗಲಿ, ನಿಮ್ಮ ತಾಯಿಯ ಸೋಬಾನೆಯಾಗಲಿ, ನಿಮ್ಮನ್ನು ನಿಲ್ಲಿಸಿ ಕೇಳಿಸುವ ದನಿ ಯಾವುದಿದ್ದರೂ ಸರಿ. ಮೊದಲು ಅದನ್ನು ಕೇಳಿ. ಆಮೇಲೆ ನಿಮ್ಮ ಉಸಿರನ್ನು ಕೇಳಿ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ವಿಚಾರಿಸಿಯೇ ಆರಂಭಿಸಿ. ನಾನೂ ಮಾತ್ರೆ ಬಿಟ್ಟಿಲ್ಲ.

ಕೊನೆಯದಾಗಿ ಒಂದು ವಿನಂತಿ. ಊರಿನಲ್ಲಿ ಹಿರಿಯರಿದ್ದರೆ ಇವತ್ತು ಫೋನ್ ಮಾಡಿ. ಹೇಳಲು ಏನೂ ತೋಚದಿದ್ದರೆ ಸುಮ್ಮನೆ ಕೇಳಿಸಿಕೊಳ್ಳಿ. ಮತ್ತೆ, ಟಿಕೆಟ್ ಮುಂದೂಡಬೇಡಿ.

 ಸಿರಿಗನ್ನಡಂ ಗೆಲ್ಗೆ.