ಮನೋವೈದ್ಯವೂ ಮನೆಯ ಮಾತೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡದ ಉಪಾಧ್ಯಾಯನಾದ ನಾನು ವೈದ್ಯವಿದ್ಯೆಯ ವಿಷಯವಾಗಿ ಮಾತನಾಡುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ವೈದ್ಯದ ಒಂದು ಶಾಖೆಯಲ್ಲಿ ಔಷಧದಷ್ಟೇ ಮಾತಿಗೂ ಬೆಲೆಯುಂಟು. ಅದೇ ಮನೋವೈದ್ಯ. ಅಲ್ಲಿ ಭಾಷೆ ಕಲಿಸುವವನಿಗೂ ಒಂದು ಮಣೆಯಷ್ಟು ಸ್ಥಳವಿದೆಯೆಂದು ನಂಬಿದ್ದೇನೆ.

ನಮ್ಮೂರಿನ ಹೆಸರನ್ನೇ ಹೊತ್ತ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯನ್ನು ತಾವೆಲ್ಲರೂ ಕಂಡಿದ್ದೀರಿ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೆಂಬ ಹೆಸರಿನಿಂದ ಅದು ಆರಂಭವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಮೊದಲ ನಿರ್ದೇಶಕರು. 1974ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ಇಂದಿನ ರೂಪವನ್ನು ತಳೆಯಿತು. ತಜ್ಞರನ್ನು ಸಿದ್ಧಪಡಿಸುವ ಮಹತ್ಕಾರ್ಯ ಅಲ್ಲಿ ನಡೆದುಬಂದಿದೆ.

ಆದರೆ ಹಳ್ಳಿಯ ರೋಗಿ ಮೊದಲು ಕಾಣುವುದು ತಜ್ಞರನ್ನಲ್ಲ, ಸಾಮಾನ್ಯ ವೈದ್ಯರನ್ನು. ಎಂ.ಬಿ.ಬಿ.ಎಸ್. ವ್ಯಾಸಂಗದಲ್ಲಿ ಮನೋವೈದ್ಯಕ್ಕೆ ದೊರೆಯುವುದು ಕೆಲವೇ ವಾರಗಳು. ಅಂತಿಮ ಪರೀಕ್ಷೆಯಲ್ಲಿ ಅದು ಸ್ವತಂತ್ರ ವಿಷಯವೂ ಅಲ್ಲ. ಸಾಮಾನ್ಯ ವೈದ್ಯರಿಗೂ ಈ ವಿದ್ಯೆಯನ್ನು ಕಲಿಸಬಹುದೆಂಬುದನ್ನು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಯೋಜನೆ ತೋರಿಸಿಕೊಟ್ಟಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಇಲ್ಲಿ ಒಂದು ಪ್ರಸಂಗವನ್ನು ಹೇಳಬೇಕು. ನನ್ನ ವಿದ್ಯಾರ್ಥಿಯೊಬ್ಬನು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದನು. ಆಕೆ, "ಎದೆ ಮ್ಯಾಲೆ ಗುಂಡುಕಲ್ಲು ಇಟ್ಟಂಗೈತಪ್ಪ" ಎಂದಳು. ಹುಡುಗನು ಅದನ್ನು ತಮಿಳಿನಲ್ಲಿ 'ಎದೆನೋವು' ಎಂದನು. ಹೃದಯಪರೀಕ್ಷೆ ನಡೆಯಿತು, ದೋಷವಿಲ್ಲವೆಂದು ಗುಳಿಗೆ ಕೊಟ್ಟು ಕಳುಹಿಸಿದರು. ವರ್ಷದ ಹಿಂದೆ ಆಕೆಯ ಮಗಳು ತೀರಿಕೊಂಡಿದ್ದಳು. ಅದನ್ನು ಮಗನ ಮುಂದೆ, ಮಗನ ಬಾಯಿಂದ, ಆ ತಾಯಿ ಹೇಗೆ ಹೇಳಿಸಿಯಾಳು? ವೈದ್ಯರು ನಿರ್ದಯರಲ್ಲ, ಆ ಮಾತು ಅವರ ಕಿವಿಗೆ ಮುಟ್ಟಲೇ ಇಲ್ಲ.

ಮಾತಿನ ಚಿಕಿತ್ಸೆಯೆಂದರೆ ಬರಿಯ ಸಮಾಧಾನವಲ್ಲ. ಅವಸರಪಡದೆ ಕೇಳುವುದು, ರೋಗಿ ಮೌನವಾದಾಗ ತಾನೂ ಕಾಯುವುದು, ಹೇಳಿದ ಗುಟ್ಟನ್ನು ಕಾಪಾಡುವುದು, ಇವು ಅಭ್ಯಾಸದಿಂದ ಬರುವ ವಿದ್ಯೆ. 2019ರಲ್ಲಿ ಜಾರಿಗೆ ಬಂದ ಪಠ್ಯಕ್ರಮದಲ್ಲಿ ರೋಗಿಯೊಡನೆ ಮಾತನಾಡುವ ಶಿಕ್ಷಣಕ್ಕೂ ಸ್ಥಳೀಯ ಭಾಷೆಗೂ ಸ್ಥಾನ ದೊರೆತದ್ದು ಸಂತೋಷದ ಸಂಗತಿ. ಆದರೆ ತಳಿ, ದೇನ್ಕನಿಕೋಟೆ, ಬಾಗಲೂರುಗಳ ಕಡೆ ಎಷ್ಟೋ ಮನೆಗಳಲ್ಲಿ ದುಃಖ ಹೊರಬರುವುದು ಕನ್ನಡದಲ್ಲಿ.

ಆದುದರಿಂದ ಎರಡು ಬಿನ್ನಹಗಳು. ಕೃಷ್ಣಗಿರಿಯಲ್ಲಿ 2022ರಲ್ಲಿ ಉದ್ಘಾಟನೆಯಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಿಗೆ ರೋಗಿಯೊಡನೆ ಆಡುವಷ್ಟು ಕನ್ನಡವನ್ನು ಕಲಿಸಲು ನಮ್ಮ ಸಂಘ ಮುಂದಾಗಲಿ. ನಾನು ವೇತನವಿಲ್ಲದೆ ಪಾಠ ಹೇಳಲು ಸಿದ್ಧನಿದ್ದೇನೆ. ಇನ್ನೊಂದು: ಆರನೆಯ ತರಗತಿಯಿಂದ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ತಮಿಳುನಾಡು 2020ರಲ್ಲಿ ವೈದ್ಯಕೀಯ ಪ್ರವೇಶದಲ್ಲಿ ಶೇಕಡಾ 7.5 ಸ್ಥಾನಗಳನ್ನು ಮೀಸಲಿಟ್ಟಿದೆ. ನಮ್ಮ ಮಕ್ಕಳೂ ಅದಕ್ಕೆ ಸಿದ್ಧರಾಗಲಿ. ತಾಯಿಯ ಮಾತನ್ನು ಬಲ್ಲ ವೈದ್ಯರು ನಮ್ಮ ಮನೆಗಳಿಂದಲೇ ಬರಲಿ.